ಗೋಡೆ ತಲುಪದ ಅಂಚು

"ಎಂಥಾ ಗೋಡೆ ನೋಡಯ್ಯ, ಎಂಥಾ ಗೋಡೆ!" ಎಂದು ಮೇಡಂ ಮತ್ತೊಮ್ಮೆ ಹೇಳಿದಾಗ ಅವನಿಗೆ ಅವರ ಕತ್ತಿಗೆ ಕೈಹಾಕಿ ಹಿಸುಕಬೇಕು ಅನ್ನಿಸಿತು. ಕತ್ತು ಹಿಸುಕಿದಾಗ ಮೊದಲು ಮುಚ್ಚಿಕೊಳ್ಳುವುದು ಉಸಿರಿನ ಕೊಳವೆಯಲ್ಲ, ತೆಳು ಗೋಡೆಯ ರಕ್ತನಾಳ ಎಂಬುದನ್ನು ಅವನು ಪರೀಕ್ಷೆಗೆಂದು ಓದಿದ್ದ. ಓದಿದ್ದು ಯಾವ ಗಳಿಗೆಯಲ್ಲಿ ನೆನಪಾಗುತ್ತದೋ ಹೇಳಲಾಗುವುದಿಲ್ಲ. ಮೇಡಂ ಕೆಟ್ಟವರಲ್ಲ. ಅವನ ಪ್ರಬಂಧಕ್ಕೆ ಗೈಡು. ಬೈಯುವುದನ್ನು ಮುಖಕ್ಕೇ ಬೈದು ಮುಗಿಸುವವರು. ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಆಚೆ ಬದಿಗೆ ಅವರು, ಈಚೆ ಬದಿಗೆ ಅವನು, ನಡುವೆ ಬೆಳಕಿನ ಮೇಲೆ ಒಂದು ಗಾಜಿನ ಪಟ್ಟಿ, ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗೆ ಕೊಯ್ದ ಲಿವರಿನ ಪದರ. ಆರು ತಿಂಗಳ ಭ್ರೂಣದ್ದು. ನೀಲಿ ಚುಕ್ಕೆಗಳ ಬಯಲಿನ ನಡುವೆ ಒಂದು ದುಂಡನೆಯ ಬಾವಿ, ಬಾವಿಯ ಸುತ್ತ ಕಂದು ಉಂಗುರ. ಆ ಉಂಗುರವೇ ಗೋಡೆ. ಅವನು ಈ ಕೆಲಸಕ್ಕೆ ಸೇರಿದಾಗಿನಿಂದ ನೋಡುತ್ತ ಬಂದದ್ದು ಇಷ್ಟನ್ನೇ: ಗರ್ಭದಲ್ಲಿರುವ ಮಗುವಿನ ಲಿವರಿನೊಳಗೆ ರಕ್ತನಾಳಕ್ಕೆ ಗೋಡೆ ಹೇಗೆ ಬರುತ್ತದೆ ಎನ್ನುವುದು. ಮೊದಲು ಗೋಡೆ ಇರುವುದಿಲ್ಲ. ರಕ್ತ ಇರುತ್ತದೆ, ಅದನ್ನು ಹಿಡಿದಿಡಲು ಒಂದೇ ಜೀವಕೋಶ ದಪ್ಪದ, ಇದ್ದೂ ಇಲ್ಲದಂಥ ಪೊರೆ ಇರುತ್ತದೆ. ಆಮೇಲೆ ಅಕ್ಕಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದ ಕೋಶಗಳು ಒಂದೊಂದೇ ಬಂದು ಆ ಪೊರೆಯನ್ನು ತಬ್ಬಿ ಮಲಗುತ್ತವೆ, ಉದ್ದಕ್ಕೆ ಚಾಚಿಕೊಂಡು ಸ್ನಾಯುವಾಗುತ್ತವೆ. ಅದೂ ಎಲ್ಲ ಕಡೆ ಒಟ್ಟಿಗಲ್ಲ. ರಕ್ತನಾಳ ಲಿವರಿನೊಳಕ್ಕೆ ಹೊಗುವ ಬಾಗಿಲಲ್ಲಿ ಮೊದಲು, ಅಲ್ಲಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಹೊರ ಅಂಚಿಗೆ ಎಲ್ಲಕ್ಕಿಂತ ಕೊನೆಗೆ. ಒತ್ತಡ ಬಿದ್ದ ಕಡೆ ಗೋಡೆ ಏಳುತ್ತದೆ ಎಂಬುದು ಮೇಡಂ ವಾದ. "ಏಟು ತಿಂದ ಕಡೆ ಚರ್ಮ ದಪ್ಪ ಆಗಲ್ವಾ, ಹಾಗೆ," ಎಂದು ಅವರು ತರಗತಿಯಲ್ಲಿ ಹೇಳಿದಾಗ ಹುಡುಗಿಯರೆಲ್ಲ ನಕ್ಕಿದ್ದರು, ಅವನೂ ನಕ್ಕಿದ್ದ.

"ಆರನೇ ತಿಂಗಳಿಂದು ಸಿಗ್ತಾನೇ ಇಲ್ಲ ಅಂತ ಅಳ್ತಿದ್ದೆಯಲ್ಲ, ಈಗ ನೋಡು," ಎಂದರು ಮೇಡಂ ಕಣ್ಣು ತೆಗೆಯದೆ. "ಒಂಚೂರೂ ಕೊಳೆತಿಲ್ಲ. ಯಾರ ಪುಣ್ಯವೋ ಏನೋ."

"ಹೌದು ಮೇಡಂ," ಎಂದ.

"ಈ ಚಿತ್ರಾನೇ ಸಮ್ಮೇಳನಕ್ಕೆ ಹಾಕೋಣ. ದೊಡ್ಡದು ಮಾಡಿ. ತಾಯಿಗೆ ಬೇರೆ ಏನೂ ಕಾಯಿಲೆ ಇರಲಿಲ್ಲ ತಾನೆ?"

ಇರಲಿಲ್ಲ. ತಾಯಿ ಅವನ ಅತ್ತಿಗೆ. ಅದನ್ನು ಅವನು ಮೇಡಂಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅತ್ತಿಗೆಯ ಹೊಟ್ಟೆ ಕಾಣಿಸಿಕೊಳ್ಳಲು ಶುರುವಾದಾಗಿನಿಂದ ಅವನ ಕಣ್ಣು ಅದನ್ನು ಅಳೆಯುತ್ತಿತ್ತು. ಅವಳು ಬಕೆಟ್ಟು ಎತ್ತಿಕೊಂಡು ಹೋಗುವಾಗ, ಬಾಗಿಲಿಗೆ ಒರಗಿ ನಿಂತು ಬೆನ್ನು ನೀವಿಕೊಳ್ಳುವಾಗ, ಈಗ ಬಾಗಿಲ ಹತ್ತಿರ ಗೋಡೆ ಶುರುವಾಗಿರಬೇಕು, ಈಗ ಮೊದಲ ಕೊಂಬೆಗೆ ಬಂದಿರಬೇಕು ಎಂದು ಅವನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ದರ್ಜಿಯ ಕಣ್ಣು ಎದುರು ಬಂದವರ ಭುಜ ಅಳೆಯುತ್ತದೆ, ಕಟುಕನ ಕಣ್ಣು ತೊಡೆ ಅಳೆಯುತ್ತದೆ, ತನ್ನದೂ ಹಾಗೇ, ಅದರಲ್ಲೇನು ತಪ್ಪು ಎಂದು ಸಮಾಧಾನ ಮಾಡಿಕೊಂಡಿದ್ದ. ಆಮೇಲೆ ಒಂದು ದಿನ ಹೆರಿಗೆ ವಾರ್ಡಿನ ಹೊರಗಿನ ಓಣಿಯಲ್ಲಿ ಅವಳು ಗಾಲಿಮಂಚದ ಮೇಲೆ ಮಲಗಿದ್ದಳು. ಮುಖದ ಬೆವರು ಇನ್ನೂ ಆರಿರಲಿಲ್ಲ, ತುಟಿ ಕಚ್ಚಿದ ಜಾಗದಲ್ಲಿ ರಕ್ತ ಒಣಗಿತ್ತು. ಅವನು ತಲೆಯ ಹತ್ತಿರ ಬಗ್ಗಿ, "ಅತ್ತಿಗೆ, ಒಂದು ಕೇಳ್ಲಾ?" ಎಂದ. ನೀರು ಬೇಕಾ ಎಂದು ಕೇಳುತ್ತಾನೆ ಅಂದುಕೊಂಡು ಅವಳು ತಲೆಯಾಡಿಸಿದ್ದಳು. ಅವನು ಕೇಳಿದ್ದು ಬೇರೆ. ಕೇಳುವಾಗ ಸಂಶೋಧನೆ, ಉಪಯೋಗ, ಮುಂದಿನ ಮಕ್ಕಳಿಗೆ ಅನುಕೂಲ ಎಂಬ ಮಾತುಗಳೆಲ್ಲ ಬಾಯಿಪಾಠದಂತೆ ಬಂದವು. ಅವಳು ಅವನನ್ನು ನೋಡಿದ ರೀತಿ ನೆನಪಾದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ಬೀದಿನಾಯಿ ಬಾಯಲ್ಲಿ ಏನೋ ಕಚ್ಚಿಕೊಂಡು ಬಂದರೆ ಅದೇನೆಂದು ಗೊತ್ತಾಗುವ ತನಕ ನೋಡುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ಒಪ್ಪಿಗೆ ಪತ್ರದ ಸಹಿಗೆ ಕೈ ಚಾಚಿ, "ತಗೊಳ್ಳಿ ಡಾಕ್ಟ್ರೇ. ಆದರೆ ನೋಡಿ ನನಗೆ ಹೇಳ್ಬೇಕು," ಎಂದಳು. ಅವನು ಡಾಕ್ಟರು ಆಗುವ ಮೊದಲೇ ಅವಳು ತಮಾಷೆಗೆ ಇಟ್ಟ ಹೆಸರು ಅದು. ಆ ದಿನ ಅದರಲ್ಲಿ ತಮಾಷೆ ಇರಲಿಲ್ಲ. "ಅವರು ಅಂತಾರೆ, ಅತ್ತೇನೂ ಅಂತಾರೆ, ನನ್ನ ರಕ್ತದಲ್ಲೇ ದೋಷ ಇತ್ತಂತೆ, ಮಗು ಒಳಗೇ ಕೆಟ್ಟಿತ್ತಂತೆ. ಅದು ನನ್ನಿಂದ ಹೋಗಿದ್ರೆ ಅನುಭವಿಸ್ಕೊಂಡು ಇಲ್ಲೇ ಇರ್ತೀನಿ. ಅವನ ಕಾಲಿಂದ ಹೋಗಿದ್ರೆ ಇರಲ್ಲ." ಒಂದೇ ಉಸಿರಿನಲ್ಲಿ ಗಂಡ 'ಅವರು' ಇದ್ದವನು 'ಅವನು' ಆಗಿದ್ದ.

ಅವನ ಕಾಲು. ಅಣ್ಣನ ಆ ಕಾಲಿನ ಸದ್ದು ಅವನು ಕೇಳಿದ್ದ. ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿದ್ದ. ಜಗಳ ಯಾವುದರ ಮೇಲೆ ಶುರುವಾಯಿತೋ. ಒಗೆದ ಅಂಗಿಯ ಕಾಲರಿನ ಮೇಲೋ, ಬಾಗಿಲು ತೆಗೆಯಲು ತಡವಾದದ್ದರ ಮೇಲೋ. ಅಣ್ಣನ ಜಗಳಕ್ಕೆ ಕಾರಣ ಬೇಕಿರಲಿಲ್ಲ, ಒಲೆಗೆ ಯಾವ ಕಡ್ಡಿಯಾದರೂ ಆದೀತು. ಮೊದಲು ಪಾತ್ರೆ ಬಿತ್ತು. ಆಮೇಲೆ ಕೆನ್ನೆಗೆ ಬಿದ್ದ ಏಟು, ಅದು ಮನೆಗೆ ಹೊಸತಲ್ಲ. ಆಮೇಲೆ ಇನ್ನೊಂದು ಸದ್ದು, ಒದ್ದೆ ಹಾಸಿಗೆಯನ್ನು ದೊಣ್ಣೆಯಿಂದ ಬಡಿದಂತೆ, ಜೋರಿಲ್ಲದ, ತುಂಬಿದ ಸದ್ದು. ಅದರ ಹಿಂದೆ ಕೂಗು ಬರಲಿಲ್ಲ. ಕೂಗು ಬಂದಿದ್ದರೆ ಎದ್ದು ಹೋಗುತ್ತಿದ್ದೆ ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅಮ್ಮ ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು; ಮನೆಯಲ್ಲಿ ಜಗಳವಾದಾಗೆಲ್ಲ ನೀರಿನ ಸದ್ದು ಹೆಚ್ಚಿಸುವುದು ಅಪ್ಪನ ಕಾಲದಿಂದ ಅವಳಿಗಿದ್ದ ಅಭ್ಯಾಸ. ಅವನು ಪುಟ ತಿರುಗಿಸಿದ. ತಿರುಗಿಸಿದ ಪುಟದಲ್ಲಿ ಏನಿತ್ತು ಎಂಬುದು ಅವನಿಗೆ ಅಕ್ಷರ ಅಕ್ಷರ ನೆನಪಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅಮ್ಮ ತಟ್ಟೆ ಹಾಕಿದಳು. ಉಂಡರು, ಮಲಗಿದರು. ಮಾರನೆಯ ದಿನ ಸಂಜೆಯ ಹೊತ್ತಿಗೆ ಹೊಟ್ಟೆಯೊಳಗೆ ಮಿಸುಕಾಡುವುದು ನಿಂತಿತು. ಸ್ಕ್ಯಾನು ಮಾಡಿದವನು ಹೃದಯ ನಿಂತಿದೆ ಎಂದ. ಹೆರಿಗೆ ಮಾಡಿಸಿದ್ದು ಅದಾದ ಮೇಲೆ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಆಸ್ಪತ್ರೆಯಲ್ಲಿ ಅಣ್ಣ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವಾಗಿ ಹೋಗಿತ್ತು. ಬಚ್ಚಲನ್ನು ತಾನೇ ಬ್ರಷ್ಷು ಹಿಡಿದು ಉಜ್ಜಿದ, ಪಾಚಿ ಇಲ್ಲದ ಕಡೆಯೂ ಉಜ್ಜಿದ. "ಒಂದು ಏಟಿಗೆ ಹೊಟ್ಟೇಲಿರೋ ಮಗು ಹೋಗುತ್ತೇನೋ?" ಎಂದು ಅಮ್ಮ ತನ್ನ ಕಿರಿಯವನನ್ನು ಅಡಿಗೆಮನೆಯಲ್ಲಿ ಹಿಡಿದು ಕೇಳಿದ್ದಳು. "ನಾನು ತಿಂದಿಲ್ವಾ ಏಟು? ನೀವಿಬ್ಬರೂ ಗುಂಡುಕಲ್ಲಿನ ಹಾಗೆ ಹುಟ್ಟಲಿಲ್ವಾ?" ಅದನ್ನು ಅವಳು ಹೆಮ್ಮೆಯಿಂದಲೇ ಹೇಳಿದ್ದಳು.

ಮೇಡಂ ಎದ್ದು ಹೋದರು. ಅವನು ಸ್ಲೈಡನ್ನು ಅಂಚಿನ ಕಡೆಗೆ ಸರಿಸಿದ. ಸರಿಸಿದರೆ ಅಂಚು ಬರಬೇಕಲ್ಲ, ಬರಲಿಲ್ಲ. ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಇವತ್ತು ಬೆಳಗಿನಿಂದ ಸರಿಸುತ್ತಲೇ ಇದ್ದ. ಅಂಚನ್ನು ಅವನೇ ಕೊಯ್ದು ಎಸೆದಿದ್ದ. ಈ ಕೆಲಸದಲ್ಲಿ ಅದೊಂದು ಪಾಠ, ಮೊದಲ ವಾರವೇ ಕಲಿಸುತ್ತಾರೆ: ಹರಿದ ಅಂಚು ಬೇಡ, ಜಜ್ಜಿದ್ದು ಬೇಡ, ಇಕ್ಕಳ ತಾಗಿದ್ದು ಬೇಡ, ಅವೆಲ್ಲ ಕೈಯ ತಪ್ಪು, ದೇಹದ ಮಾತಲ್ಲ, ಕತ್ತರಿಸಿ ತೆಗೆದು, ಹಸನಾದ ಭಾಗವನ್ನು ಮಾತ್ರ ಮೇಣದಲ್ಲಿ ಕೂರಿಸು. ಅಂಗೈಯಲ್ಲಿ ಹಿಡಿಸುವ ಆ ಲಿವರನ್ನು ತಟ್ಟೆಯ ಮೇಲಿಟ್ಟಾಗ ಬಲಬದಿಯ ಅಂಚಿನಲ್ಲಿ ಒಂದು ಸೀಳು ಕಂಡಿತು, ಸೀಳಿನ ಸುತ್ತ ಮೇಲ್ಪೊರೆಯ ಕೆಳಗೆ ನೇರಳೆಹಣ್ಣಿನ ಬಣ್ಣದ ಉಬ್ಬು. ಅವನ ಕೈ ನಿಲ್ಲಲಿಲ್ಲ. ಬ್ಲೇಡು ಉಬ್ಬಿನ ಈಚೆ ಇಳಿಯಿತು, ಕೈ ಆ ತುಂಡನ್ನು ಇಕ್ಕಳದಲ್ಲಿ ಹಿಡಿದು ಕಸದ ಜಾಡಿಗೆ ಹಾಕಿತು, ಮತ್ತೆ ಬಾಗಿಲಿನ ಕಡೆ ಬಂದು ಚೆಂದದ ಹೋಳುಗಳನ್ನು ಕೊಯ್ಯಿತು. ಅಭ್ಯಾಸ. ನಿಜವಾಗಿ ಅಭ್ಯಾಸವೇ? ಉಬ್ಬನ್ನು ಕಂಡ ಆ ಗಳಿಗೆಯಲ್ಲಿ ಅವನಿಗೆ ಆ ಸದ್ದು, ತುಂಬಿದ ಸದ್ದು, ಕೇಳಿಸಿತ್ತು. ಕೇಳಿಸಿದ ಮೇಲೂ ಕೈ ನಿಲ್ಲಲಿಲ್ಲ. ಪುಟ ತಿರುಗಿಸಿದ ಕೈಯೇ ಅದು. ಕೈಗೆ ಏನು ಗೊತ್ತು ಎಂದು ಬಿಡಬಹುದು. ಆದರೆ ಅಣ್ಣ ಕೂಡ ನಾಳೆ ಕಾಲಿಗೆ ಏನು ಗೊತ್ತು ಎನ್ನಬಹುದು.

ಓಣಿಯಲ್ಲಿ ಗಾಲಿಬಂಡಿ ಕಿರುಗುಟ್ಟಿತು. ಬಂದದ್ದು ಟೆಕ್ನೀಷಿಯನ್. ಮೇಣದ ಬ್ಲಾಕುಗಳನ್ನು ಕೊಯ್ಯುವುದು ಅವನ ಕೆಲಸ, ಮಾತಿಗೆ ಸಿಕ್ಕಿದವರನ್ನು ಕೊಯ್ಯುವುದು ಅವನ ಹವ್ಯಾಸ. ಹಾಗಾಗಿ ಇಡೀ ವಿಭಾಗ ಅವನನ್ನು ಬ್ಲೇಡು ಎಂದೇ ಕರೆಯುತ್ತಿತ್ತು. ವಾರಕ್ಕೊಮ್ಮೆ ಕಸದ ಜಾಡಿಗಳನ್ನು ಸುಡುವ ಒಲೆಗೆ ಕಳಿಸುವುದೂ ಅವನ ಪಾಲಿನದು. ಬಂಡಿಯ ಮೇಲೆ ಜಾಡಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ಸಾರ್, ನಿಮ್ಮ ಜಾಡೀನೂ ಎತ್ಕೊಂಡೆ. ಎಲ್ರದ್ದೂ ಒಂದೇ ಬೆಂಕಿ, ಒಂದೇ ಹೊಗೆ. ಇಲ್ಲಿ ಜಾತಿ ಇಲ್ಲ, ಅಂತಸ್ತಿಲ್ಲ, ನೋಡಿ ಎಂಥ ಸಮಾನತೆ," ಎಂದು ಬ್ಲೇಡು ಶುರುಮಾಡಿದ.

"ನಿಲ್ಲಿಸು."

"ಏನ್ ಸಾರ್, ಇನ್ನೂ ಶುರುನೇ ಆಗಿಲ್ಲ."

"ಬಂಡಿ ನಿಲ್ಸೋ!"

ಅವನು ಕೂಗಿದ ರೀತಿಗೆ ಬ್ಲೇಡು ಎರಡೂ ಕೈ ಮೇಲೆತ್ತಿದ. ಅವನು ತನ್ನ ಜಾಡಿಯನ್ನು ಎಳೆದುಕೊಂಡು ಮುಚ್ಚಳ ತೆಗೆದ. ಫಾರ್ಮಾಲಿನ್ ವಾಸನೆ ಮೂಗಿಗೆ ಸೂಜಿ ಚುಚ್ಚಿದಂತೆ ಹೊಡೆಯಿತು, ಕಣ್ಣಲ್ಲಿ ನೀರು ಧಾರಾಕಾರ. ಕೈಗವಸು ಹಾಕಿಕೊಳ್ಳುವ ವ್ಯವಧಾನವಿರಲಿಲ್ಲ. ಬರಿಗೈಯನ್ನೇ ಮೊಣಕೈ ತನಕ ಇಳಿಸಿದ. ಕರುಳಿನ ಚೂರು, ಯಾರದೋ ಗಡ್ಡೆಯ ಚೂರು, ಕೊಬ್ಬು, ರಬ್ಬರಿನಂತೆ ಗಡುಸಾದ ಏನೇನೋ ಬೆರಳಿಗೆ ಸಿಕ್ಕಿ ಜಾರಿದವು. ಒಂದೊಂದನ್ನೂ ಮೇಲೆತ್ತಿ ನೋಡಿ ಮತ್ತೆ ಜಾಡಿಗೆ ಹಾಕಿದ. ಅಂಗಿಯ ತೋಳು ತೊಯ್ದು ಮೈಗೆ ಅಂಟಿತು. ನೇರಳೆ ಬಣ್ಣ ಈಗ ಕಪ್ಪಾಗಿತ್ತು, ಆದರೂ ಗುರುತು ಸಿಕ್ಕಿತು. ಅಂಗೈ ಮೇಲೆ ಇಟ್ಟುಕೊಂಡ. ಒಂದು ಹುಣಸೆಬೀಜದಷ್ಟು ಇತ್ತು.

"ಇದನ್ನ ಈಗಲೇ ಕೊಯ್ದು ಕೊಡು. ಮೇಣ ಬೇಡ, ಹೆಪ್ಪುಗಟ್ಟಿಸೋ ಮಶೀನಲ್ಲಿ ಹಾಕು. ಸ್ವಲ್ಪ ಕೊಯ್ಯಿ, ಉಳಿದದ್ದನ್ನ ಜೋಪಾನವಾಗಿಡು."

"ಹರಿದಿರೋದು ಸಾರ್ ಇದು. ಮೇಡಂ ನೋಡಿದ್ರೆ ನನ್ನೇ ಹರೀತಾರೆ."

"ಕೊಯ್ಯೋ."

ಬ್ಲೇಡು ಅವನ ಮುಖ ನೋಡಿ, ಆ ವರ್ಷದಲ್ಲಿ ಮೊದಲ ಸಲ ಇರಬೇಕು, ಬಾಯಿ ಮುಚ್ಚಿಕೊಂಡು ಕೊಯ್ದ.

ಕಾಣಿಸಿತು. ಕಾಣಿಸುವುದಿಲ್ಲ ಎಂದು ಎಷ್ಟು ಆಸೆಪಟ್ಟಿದ್ದನೆಂಬುದು ಕಾಣಿಸಿದ ಮೇಲೆ ತಿಳಿಯಿತು. ಸೀಳಿನ ಎರಡೂ ದಡದಲ್ಲಿ ರಕ್ತ ಕೋಶಗಳ ಸಾಲುಗಳನ್ನು ದಬ್ಬಿಕೊಂಡು ಒಳನುಗ್ಗಿತ್ತು, ಗುಂಪು ಬಾಗಿಲು ಮುರಿದು ಮನೆ ಹೊಕ್ಕಂತೆ. ಅದರ ನಡುವೆ ನೂಲಿನಂಥ ಎಳೆಗಳು ಅಡ್ಡಡ್ಡ ಉದ್ದುದ್ದ ಹಬ್ಬಿದ್ದವು. ಸತ್ತ ದೇಹ ಹರಿದರೆ ರಕ್ತ ಸೋರುತ್ತದೆ, ಅಷ್ಟೆ. ಹೀಗೆ ನೂಲು ನೇಯುವುದಿಲ್ಲ. ನೂಲು ನೇಯುವುದು ಬದುಕಲು ನೋಡುತ್ತಿರುವ ದೇಹ. ಹೆರಿಗೆಯ ಹೊತ್ತಿಗೆ ಹೃದಯ ನಿಂತು ಹೋಗಿತ್ತು. ಹಾಗಾದರೆ ಈ ಸೀಳು ಹೆರಿಗೆಯದ್ದಲ್ಲ, ಇಕ್ಕಳದ್ದಲ್ಲ, ಅದಕ್ಕೂ ಮೊದಲಿನದು. ಒದ್ದಾಗ ಮಗು ಬದುಕಿತ್ತು, ಆಮೇಲೂ ಬದುಕಿತ್ತು, ತನ್ನ ಒಡೆದ ಅಂಚನ್ನು ಹೊಲಿದುಕೊಳ್ಳಲು ಹೆಣಗಿತ್ತು. ಅವನು ಉಂಡು ಮಲಗಿದ್ದಾಗ ಅದು ಹೆಣಗುತ್ತಿತ್ತು. ಸುತ್ತಲಿನ ರಕ್ತನಾಳಗಳನ್ನು ಅವನು ಒಂದೊಂದಾಗಿ ಹುಡುಕಿದ. ತೆಳು ಪೊರೆ, ಬರಿಯ ಪೊರೆ. ಸುತ್ತ ತಬ್ಬಿಕೊಂಡ ಒಂದು ಸ್ನಾಯುಕೋಶವೂ ಇಲ್ಲ. ಬೆಳಗ್ಗೆ ಮೇಡಂ ಹೊಗಳಿದ ಆ ಭದ್ರ ಗೋಡೆ, ಬಾಗಿಲಿನಿಂದ ಅಷ್ಟು ಶ್ರದ್ಧೆಯಿಂದ ಕಟ್ಟಿಕೊಂಡು ಬರುತ್ತಿದ್ದದ್ದು, ಇಲ್ಲಿಗೆ ಇನ್ನೂ ತಲುಪಿರಲಿಲ್ಲ. ದೋಷ ಏನೂ ಇರಲಿಲ್ಲ. ಆ ತಿಂಗಳಿಗೆ ಎಲ್ಲಿಯ ತನಕ ಬರಬೇಕಿತ್ತೋ ಅಲ್ಲಿಯ ತನಕ ಬಂದಿತ್ತು.

ಸ್ಲೈಡನ್ನು ಕಾಗದದಲ್ಲಿ ಸುತ್ತಿ ಎದೆಯ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ಕೈ ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದು ಕಿಟಕಿಯ ಕಡೆ ಸರಿದಳು. ಅವಳ ತೊಡೆಯ ಮೇಲಿದ್ದ ಪುಟ್ಟ ಹುಡುಗಿ ಬೂಟಿನ ಕಾಲಲ್ಲಿ ಅವನ ತೊಡೆಗೆ ಒದೆಯುತ್ತಿದ್ದಳು, ಆಟಕ್ಕೆ, ಒಂದೇ ಲಯದಲ್ಲಿ. ಚಿಕ್ಕಂದಿನಲ್ಲಿ ಮಂಚದ ಕೆಳಗಿನಿಂದ ಅವನಿಗೆ ಕಾಣುತ್ತಿದ್ದದ್ದು ಕಾಲುಗಳೇ. ಅಪ್ಪನ ದಪ್ಪ ಹಿಮ್ಮಡಿ, ಅದರ ಎದುರು ಅಣ್ಣನ ಬರಿಗಾಲು. ಲೋಟ ಒಡೆದವನು ಇವನು, ಶಾಲೆಯಿಂದ ದೂರು ತಂದವನು ಇವನು. ಅಪ್ಪ ಬೆಲ್ಟು ಬಿಚ್ಚುವ ಸದ್ದಾದರೆ ಅಣ್ಣ ಇವನನ್ನು ಮಂಚದ ಕೆಳಗೆ ದಬ್ಬಿ, "ನಾನೇ ಮಾಡಿದ್ದು" ಎನ್ನುತ್ತಿದ್ದ. ಬೆಲ್ಟು ಬಿದ್ದಾಗ ಆ ಬರಿಗಾಲಿನ ಬೆರಳುಗಳು ನೆಲವನ್ನು ಕಚ್ಚಿಕೊಳ್ಳುತ್ತಿದ್ದವು, ಆದರೆ ಕಾಲು ಜಾಗ ಬಿಡುತ್ತಿರಲಿಲ್ಲ. ಆಮೇಲೆ ಮಂಚದ ಕೆಳಗೆ ತಲೆ ತೂರಿಸಿ, ಕಣ್ಣು ಕೆಂಪಾದ ಮುಖದಲ್ಲಿ ಹಲ್ಲು ಕಿರಿದು, "ನೋವೇ ಆಗ್ಲಿಲ್ಲ ಕಣೋ ಹುಳ, ಬಾ ಆಚೆ," ಎನ್ನುತ್ತಿದ್ದ. ಪುಸ್ತಕದ ಹುಳ ಎಂಬುದು ಹುಳ ಆಗಿತ್ತು. ಹುಳ ಆಚೆ ಬರುತ್ತಿತ್ತು. ಏಟು ತಿಂದ ಕಡೆ ಚರ್ಮ ದಪ್ಪ ಆಗುತ್ತದೆ, ಮೇಡಂ. ಆದರೆ ದಪ್ಪವಾದ ಚರ್ಮದೊಳಗೆ ಇರುವವನು ಆಮೇಲೆ ಯಾರನ್ನು ಒದೆಯುತ್ತಾನೆ ಎಂಬುದು ಯಾವ ಸ್ಲೈಡಿನಲ್ಲೂ ಕಾಣುವುದಿಲ್ಲ. ತಾನು ಇವತ್ತು ಬಾಯಿ ತೆರೆದರೆ ಯಾರ ಮೇಲೆ ತೆರೆಯುತ್ತೇನೆ? ಆ ಬರಿಗಾಲಿನ ಮೇಲೆ. ಬೂಟು ಮತ್ತೆ ತೊಡೆಗೆ ತಾಗಿತು. ಅವನು ಥಟ್ಟನೆ ಆ ಪುಟ್ಟ ಕಾಲನ್ನು ಹಿಡಿದ. ಎಷ್ಟು ಬಿಗಿಯಾಗಿ ಹಿಡಿದನೆಂದು ಹುಡುಗಿ ಕಿರುಚಿದಾಗಲೇ ಗೊತ್ತಾಯಿತು.

"ಏನ್ರೀ, ಮಗು ಕಾಲು ಮುರೀತೀರಾ?" ಎಂದು ಹೆಂಗಸು ಅವನ ಕೈಯನ್ನು ಹೊಡೆದು ಬಿಡಿಸಿದಳು. "ಓದಿದೋರ ಹಾಗೆ ಕಾಣ್ತೀರಿ, ನಾಚಿಕೆ ಆಗಲ್ವಾ?"

ಇಡೀ ಬಸ್ಸು ತಿರುಗಿ ನೋಡಿತು. ಹಿಂದಿನಿಂದ ಯಾರೋ "ಇಳಿಸ್ರೀ ಕೆಳಗೆ" ಎಂದ. ಯಾರೋ ನಕ್ಕ. ಅವನು ತನ್ನ ನಿಲ್ದಾಣಕ್ಕೆ ಮೊದಲೇ ಇಳಿದು ನಡೆದ. ಬೆರಳುಗಳಲ್ಲಿ ಆ ಮಗುವಿನ ನಾಡಿ ಇನ್ನೂ ಹೊಡೆದುಕೊಳ್ಳುತ್ತಿತ್ತು.

ಮನೆಯಲ್ಲಿ ದೀಪ ಹಾಕಿರಲಿಲ್ಲ, ಸಂಜೆಯ ಬೆಳಕು ಸಾಕಾಗಿತ್ತು. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದಳು. ಅಣ್ಣ ಅವಳ ಎದುರು ನೆಲದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ; ತೊಳೆಯ ಮೇಲಿನ ಬಿಳಿ ನಾರನ್ನೂ ಬಿಡದೆ ತೆಗೆದು ಒಂದೊಂದಾಗಿ ಅವಳ ಅಂಗೈಗೆ ಇಡುತ್ತಿದ್ದ. ಅವಳು ತಿನ್ನದೆ ಹಿಡಿದುಕೊಂಡಿದ್ದಳು, ಅಂಗೈ ತುಂಬಿ ರಸ ಮಣಿಕಟ್ಟಿಗೆ ಇಳಿಯುತ್ತಿತ್ತು. ಅಮ್ಮ ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದಳು.

"ಬಂದ ನೋಡು ಹುಳ," ಎಂದ ಅಣ್ಣ. "ಏನೋ ಈ ನಾತ? ಹೆಣದ ಜೊತೆ ಮಲಗಿದ್ಯಾ?"

ಅತ್ತಿಗೆ ತಲೆ ಎತ್ತಿದಳು. "ನೋಡಿದ್ರಾ ಡಾಕ್ಟ್ರೇ?"

"ಏನ್ ನೋಡೋದು?" ಎಂದಳು ಅಮ್ಮ ತಕ್ಷಣ. "ಆಗಿದ್ದಾಯ್ತು. ಸತ್ತ ಮಗೂನ ಎಷ್ಟು ಸಲ ಸಾಯಿಸ್ತೀಯ? ಚಿಕ್ಕೋನೇ, ಹೋಗಿ ಸ್ನಾನ ಮಾಡು."

ಸ್ನಾನಕ್ಕೆ ಹೋಗಬಹುದಿತ್ತು. ನಲ್ಲಿ ತಿರುಗಿಸಬಹುದಿತ್ತು, ನೀರು ಸದ್ದು ಮಾಡುತ್ತಿತ್ತು. ಅವನು ನಿಂತೇ ಇದ್ದ. "ಮಗು ಚೆನ್ನಾಗಿತ್ತು ಅತ್ತಿಗೆ," ಎಂದ. ದನಿ ತನ್ನದಲ್ಲ ಅನ್ನಿಸಿತು, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವನ ದನಿ. "ರಕ್ತನಾಳ, ಅದರ ಗೋಡೆ, ಎಲ್ಲ ಸರಿಯಾಗಿ ಬೆಳೀತಿತ್ತು. ನಿಮ್ಮ ರಕ್ತದಲ್ಲಿ ಏನೂ ದೋಷ ಇರಲಿಲ್ಲ."

ಅಣ್ಣನ ಬೆರಳು ಕಿತ್ತಳೆಯ ಮೇಲೆ ನಿಂತಿತು. "ಸರಿ ಬಿಡು. ಸಂತೋಷ. ಬಚ್ಚಲಲ್ಲಿ ಬಿದ್ದು ಹೋಯ್ತು, ನಾನು ಹೇಳ್ಲಿಲ್ವಾ?"

"ಲಿವರು ಹರಿದಿತ್ತು," ಎಂದ ಅವನು. "ಬದುಕಿದ್ದಾಗ್ಲೇ ಹರಿದಿದ್ದು. ಹೆರಿಗೇಲಿ ಅಲ್ಲ." ಅತ್ತಿಗೆಯ ಕಣ್ಣು ಅವನ ಮುಖದ ಮೇಲೆಯೇ ಇತ್ತು, ಇನ್ನೂ ಏನೋ ಉಳಿದಿದೆ ಎಂದು ಅವಳಿಗೆ ತಿಳಿದಂತಿತ್ತು. "ಆ ಹರಿದ ಭಾಗಾನ ನಾನು ಕೊಯ್ದು ಎಸೆದಿದ್ದೆ. ಮೊದಲ ದಿನಾನೇ ಕಂಡಿತ್ತು ನನಗೆ."

"ಎಸೆದಿದ್ದೆಯಾ?" ಎಂದಳು ಅತ್ತಿಗೆ. ಅಲ್ಲಿಯ ತನಕ ಇದ್ದ ಬಹುವಚನ ಅಲ್ಲಿಗೆ ಮುಗಿಯಿತು.

"ಇವತ್ತು ವಾಪಸ್ ತಗೊಂಡೆ. ಇಲ್ಲಿದೆ," ಎಂದು ಜೇಬು ಮುಟ್ಟಿಕೊಂಡ. "ಬಚ್ಚಲಲ್ಲಿ ಯಾರೂ ಬೀಳಲಿಲ್ಲ ಅತ್ತಿಗೆ. ಪಕ್ಕದ ಕೋಣೇಲಿ ನನಗೆ ಕೇಳಿಸಿತ್ತು."

ಅಣ್ಣ ಯಾವಾಗ ಎದ್ದನೋ ಕಾಣಲಿಲ್ಲ. ಮೊದಲ ಏಟು ಕಿವಿಯ ಮೇಲೆ ಬಿತ್ತು. ಕೋಣೆ ಒಮ್ಮೆ ಬಿಳಿಯಾಗಿ ಮತ್ತೆ ಬಣ್ಣಕ್ಕೆ ಬಂತು. ಅವನಿಗೆ ಮನೆಯಲ್ಲಿ ಬಿದ್ದ ಮೊದಲ ಏಟು ಅದು, ಬದುಕಿನಲ್ಲೇ ಮೊದಲನೆಯದು. ಎಲ್ಲ ಏಟನ್ನೂ ತಡೆದವನೇ ಈಗ ಹೊಡೆಯುತ್ತಿದ್ದ. ಎರಡನೆಯದು ಎದೆಗೆ. ಜೇಬಿನಲ್ಲಿ ಗಾಜು ಚಟ್ಟನೆ ಒಡೆದು ಚೂರು ಚರ್ಮಕ್ಕೆ ಇಳಿಯಿತು, ಅಂಗಿಯ ಮೇಲೆ ಕೆಂಪು ಹೂವಿನ ಹಾಗೆ ಅಗಲವಾಯಿತು. "ನಿನಗೋಸ್ಕರ, ಹಲ್ಕಾ, ನಿನಗೋಸ್ಕರ ನಾನು," ಎಂದು ಅಣ್ಣ ಒಂದೊಂದು ಏಟಿಗೂ ಹೇಳುತ್ತಿದ್ದ. ಮಾತು ಮುಂದೆ ಹೋಗುತ್ತಿರಲಿಲ್ಲ. ಹೋಗಬೇಕಾದ್ದೂ ಇರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಅವನು ಗೋಡೆಗೆ ತಾಗಿ ಜಾರಿ ಕೆಳಗೆ ಬಿದ್ದ. ತುಳಿದ ಕಿತ್ತಳೆಯ ವಾಸನೆ, ಫಾರ್ಮಾಲಿನ್ ವಾಸನೆ, ಬಾಯಲ್ಲಿ ಉಪ್ಪು. ಅಮ್ಮ ಓಡಿ ಬಂದು ಅವನ ಬಾಯನ್ನೇ ಅಂಗೈಯಿಂದ ಒತ್ತಿ ಹಿಡಿದಳು. "ಸುಮ್ನಿರೋ, ಸುಮ್ನಿರೋ ಚಿಕ್ಕೋನೇ, ನೀನು ಸುಮ್ನಿದ್ರೆ ಅವನೂ ಸುಮ್ನಾಗ್ತಾನೆ." ಅವಳು ಬದುಕಿಡೀ ಕಲಿತದ್ದು ಅಷ್ಟೇ, ಅದನ್ನೇ ಧಾರೆ ಎರೆಯುತ್ತಿದ್ದಳು. ಅವನು ಆ ಕೈಯನ್ನು ಕಚ್ಚಿದ. ಅಮ್ಮ ಚೀರಿ ಕೈ ಎಳೆದುಕೊಂಡಳು. "ಉಳಿದಿದ್ದು ಲ್ಯಾಬಲ್ಲಿದೆ ಅತ್ತಿಗೆ," ಎಂದು ಕೂಗಿದ, "ಮೇಡಂ ಹತ್ರ ಕೇಳಿ!"

ನೆಲಮಟ್ಟದಿಂದ ಅವನಿಗೆ ಮತ್ತೆ ಕಾಲುಗಳೇ ಕಾಣುತ್ತಿದ್ದವು. ಅಮ್ಮನ ಕಾಲು ಕೋಣೆಯ ನಡುವೆ ಎತ್ತ ಹೋಗಲೆಂದು ತಿಳಿಯದೆ ತಿರುಗುತ್ತಿತ್ತು. ಅತ್ತಿಗೆಯ ಕಾಲು ಕುರ್ಚಿಯಿಂದ ಇಳಿದು, ಒಂದು ಕ್ಷಣ ನಿಂತು, ಒಳಗೆ ಹೋಗಿ, ಚೀಲದ ಪಟ್ಟಿ ನೆಲಕ್ಕೆ ಎಳೆಯುತ್ತ ಹೊರಬಂತು. ಕೈಯಲ್ಲಿ ಹಿಡಿದಿದ್ದ ತೊಳೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಚಪ್ಪಲಿ ಮೆಟ್ಟಲು ಅವಳು ಅವಸರಪಡಲಿಲ್ಲ. ಅವನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಲಿ ಎಂದು ಅವನು ಕಾದದ್ದು ನಿಜ. "ಎಲ್ಲಿಗೆ?" ಎಂದು ಅಣ್ಣ ತಿರುಗಿದ. ಆ ತಿರುಗಿದ ಕಾಲು, ಬಲಗಾಲು, ಅವನ ಮುಖದ ಮುಂದೆಯೇ ಇತ್ತು. ಅವನು ಎರಡೂ ಕೈಯಿಂದ ಅದನ್ನು ತಬ್ಬಿಕೊಂಡ. ಅಣ್ಣ ಕಾಲು ಕೊಡವಿದ, ಎಳೆದ, ಇನ್ನೊಂದು ಕಾಲಿನಿಂದ ಪಕ್ಕೆಗೆ ಒದ್ದ; ಒಳಗೆ ಏನೋ ಲಟಕ್ಕೆಂದು ಮುರಿದು ಉಸಿರು ಅರ್ಧಕ್ಕೆ ನಿಂತಿತು. ಒದೆ ಹೊರಗಿನಿಂದ ಕೇಳುವುದಕ್ಕಿಂತ ಒಳಗಿನಿಂದ ತುಂಬ ಬೇರೆ. ಅವನು ಬಿಡಲಿಲ್ಲ. ಗಾಜಿನ ಚೂರು ಎದೆಗೂ ಆ ಮೊಣಕಾಲಿಗೂ ನಡುವೆ ಸಿಕ್ಕಿ ಇಬ್ಬರನ್ನೂ ಕೊಯ್ಯುತ್ತಿತ್ತು, ಯಾರ ರಕ್ತ ಯಾವುದೆಂದು ಹೇಳುವಂತಿರಲಿಲ್ಲ. ಬೆರಳು ಮೊಣಕಾಲ ಹಿಂದಿನ ಕುಳಿಗೆ ಸಿಕ್ಕಿಕೊಂಡಿತ್ತು, ಅಲ್ಲಿ ಅಣ್ಣನ ನಾಡಿ ಹೊಡೆಯುತ್ತಿತ್ತು, ದಪ್ಪ ಗೋಡೆಯ ಭದ್ರವಾದ ನಾಡಿ, ಹಿಡಿತದಿಂದ ಬಿಡಿಸಿಕೊಳ್ಳಲು ಒಳಗಿನಿಂದ ಗುದ್ದುತ್ತಿರುವ ಹಾಗೆ. ಹೊರಗೆ ಗೇಟಿನ ಅಗಳಿ ಸರಿಯಿತು.

"ಬಿಡೋ," ಎಂದ ಅಣ್ಣ. ಹೊಡೆಯುವುದು ನಿಂತಿತ್ತು. ಗಾಜು ಆಳಕ್ಕೆ ಹೋಗಿತ್ತು; ಬರಿಗಾಲಿನ ಬೆರಳುಗಳು ನೆಲವನ್ನು ಕಚ್ಚಿಕೊಂಡಿದ್ದವು. "ಬಿಡೋ ಹುಳ. ನೋಯ್ತಿದೆ ಕಣೋ."

ಆ ಮಾತನ್ನು ಅಣ್ಣನ ಬಾಯಲ್ಲಿ ಅವನು ಯಾವತ್ತೂ ಕೇಳಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಇನ್ನೂ ಬಿಗಿಯಾಗಿ ಹಿಡಿದುಕೊಂಡ.